ಹಾಯ್ಕು ಓದಿದವರು ಹೇಳುವುದು 'ಅರ್ಥ'ವೋ, 'ಹೊಳಹೋ'?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಹಾಯ್ಕು, ಅಂದರೆ ಜಪಾನಿನಿಂದ ಬಂದ ಮೂರು ಸಾಲಿನ ಪುಟ್ಟ ಪದ್ಯ, ಕೇಳಿದವರು ತಮಗೆ ಕಂಡದ್ದನ್ನು ಹೇಳುತ್ತಾರಲ್ಲ, ಅದಕ್ಕೆ ಒಂದು ಪದ ಬೇಕಾಗಿದೆ.

ಮೊನ್ನೆ ಸಂಜೆ ನಮ್ಮ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದೆವು. ನಾನು ಬರೆದ ಒಂದು ಹಾಯ್ಕು ಓದಿದೆ:

ಮಳೆ ನಿಂತಿದೆ
ಮೆಟ್ಟಿಲ ಬಳಿ ಒಂದೇ
ಜೊತೆ ಚಪ್ಪಲಿ

ಹಬ್ಬ ಮುಗಿಸಿ ನೆಂಟರೆಲ್ಲ ಹೊರಟುಹೋದ ದಿನ ಬರೆದದ್ದು ಅದು. ಆದರೆ ನಮ್ಮ ಭಾವ, "ಯಾರೋ ಬಂದಿದ್ದಾರೆ, ಒಳಗೆ ಚಾ ಆಗ್ತಾ ಇದೆ" ಎಂದರು. ಅವರಿಗೆ ಅದು ಖುಷಿಯ ಪದ್ಯ. ಕಾರವಾರದ ಬೈತಖೋಲದಿಂದ ಬಂದಿದ್ದ ಗೆಳತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಮಳೆಗಾಲ ಕಳೆದು ಅಪ್ಪ ದೋಣಿಗೆ ಹೋಗುವಾಗ ಚಪ್ಪಲಿ ಮನೇಲೇ ಬಿಟ್ಟು ಹೋಗ್ತಿದ್ದ. ಅವನು ಬರೋ ತನಕ ಆಯಿ ಅದನ್ನ ಅಲ್ಲಿಂದ ತೆಗೀತಿರಲಿಲ್ಲ."

ಚಪ್ಪಲಿ ಬಂದವರದೋ, ಹೋದವರದೋ, ಉಳಿದವರದೋ ಎಂದು ಹೇಳುವ ಕ್ರಿಯಾಪದವೇ ಅಲ್ಲಿಲ್ಲ. ಜಪಾನಿನ ಕವಿ ಬಾಶೋ 1686ರಲ್ಲಿ ಬರೆದ ಕಪ್ಪೆಯ ಹಾಯ್ಕುವಿನಲ್ಲೂ (ಹಳೆಯ ಕೊಳ, ಕಪ್ಪೆಯ ಜಿಗಿತ, ನೀರಿನ ಸದ್ದು) ಇಂಥದ್ದೇ ಒಂದು ಜಾಗ ಇದೆ. ಜಪಾನಿ ಭಾಷೆಯಲ್ಲಿ ಏಕವಚನ, ಬಹುವಚನ ತೋರಿಸಲೇಬೇಕು ಅಂತಿಲ್ಲ. ಕೊಳಕ್ಕೆ ಹಾರಿದ್ದು ಒಂದು ಕಪ್ಪೆಯೋ ಹಲವೋ, ಓದುವವರಿಗೆ ಬಿಟ್ಟದ್ದು. ನಾವು 'ಕಪ್ಪೆ ಹಾರಿತು' ಎಂದರೆ ಅದು ಒಂದೇ ಆಗಿಬಿಡುತ್ತದೆ. 'ಕಪ್ಪೆ ಹಾರಿದ ಸದ್ದು' ಎಂದು ನೋಡಿ. ಒಂದೂ ಆಗಬಹುದು, ಹತ್ತೂ ಆಗಬಹುದು. ಕನ್ನಡಕ್ಕೆ ಇದು ಎಷ್ಟು ಸಲೀಸು!

ಈಗ ನನ್ನ ಪ್ರಶ್ನೆ. ಭಾವ ಹೇಳಿದ್ದನ್ನು, ಗೆಳತಿ ಹೇಳಿದ್ದನ್ನು ಏನೆಂದು ಕರೆಯಬೇಕು? 'ಧ್ವನಿ' ಎನ್ನೋಣವೆಂದರೆ, ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನ ಹೇಳುವ ಧ್ವನಿ ಕಾವ್ಯವೇ ಸೂಚಿಸುವಂಥದ್ದು. ಗೆಳತಿಯ ಅಪ್ಪ ನನ್ನ ಪದ್ಯದಲ್ಲಿ ಎಲ್ಲಿದ್ದರು? 'ಸಾರಾಂಶ', 'ಭಾವಾರ್ಥ' ಎಂದರೆ ಪರೀಕ್ಷೆಯ ಉತ್ತರದ ಹಾಗೆ ಕೇಳುತ್ತದೆ. 'ಹೊಳಹು' ನನಗೆ ಇಷ್ಟ. ಆದರೆ ಅದು ಮನಸ್ಸಿಗೆ ಹೊಳೆದದ್ದಕ್ಕೆ ಸರಿ, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದ್ದಕ್ಕೆ ಸಾಲದು.

ನಮ್ಮ ತಾಳಮದ್ದಳೆಯ 'ಅರ್ಥ'ವೇ ಇದಕ್ಕೆ ತಕ್ಕ ಪದ ಅನಿಸುತ್ತದೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ; ಹಾಡಿದ ಪದ್ಯದ ಮೇಲೆ ಪಾತ್ರಧಾರಿ ತಾನೇ ಕಟ್ಟಿ ಆಡುವ ಮಾತೇ 'ಅರ್ಥ'. ಭಾಗವತರು, ಅಂದರೆ ಹಾಡುಗಾರರು, ಹಾಡುವ ಪದ್ಯ ಅದೇ. ಇವತ್ತು ಕರ್ಣನ ಪಾತ್ರದವರು ಹೇಳುವ ಅರ್ಥ ಒಂದು, ಇನ್ನೊಂದು ದಿನ ಬೇರೆಯವರು ಕೂತರೆ ಬೇರೆಯೇ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಹಾಗಂತ ಪದ್ಯ ಬಿಟ್ಟು, ಪ್ರಸಂಗದ ಕಥೆ ಬಿಟ್ಟು ಎಲ್ಲೆಲ್ಲಿಗೋ ಹೋದರೆ ಎದುರು ಕೂತವರು ಒಪ್ಪುವುದಿಲ್ಲ. ನಮ್ಮ ಜಗಲಿಯಲ್ಲಿ ನಡೆದದ್ದೂ ಅದೇ ಅಲ್ವಾ? ಆ ಒಂದು ಜೊತೆ ಚಪ್ಪಲಿಯನ್ನು ಯಾರೂ ಬಿಟ್ಟುಕೊಡಲಿಲ್ಲ.

ಘಟ್ಟದ ಮೇಲೆ, ಕರಾವಳಿಯಲ್ಲಿ ಈ ಬಳಕೆ ಎಲ್ಲರಿಗೂ ಗೊತ್ತು. ಬಯಲುಸೀಮೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ: 'ಅವರು ಆ ಹಾಯ್ಕುವಿಗೆ ಅರ್ಥ ಹೇಳಿದರು' ಎಂದು ಓದಿದರೆ ನಿಮಗೆ ಮೇಷ್ಟ್ರ ವಿವರಣೆ ನೆನಪಾಗುತ್ತದಾ? ತನ್ನದೇ ಮಾತು ಕಟ್ಟಿ ಹೇಳುವುದಕ್ಕೆ ನಿಮ್ಮ ಕಡೆ ಬೇರೆ ಪದ ಇದೆಯಾ? ಹಾಗೇ, ಹಾಯ್ಕು ಓದುವವರನ್ನು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ಕರೆಯುವ ಹಾಗೆ, 'ಅರ್ಥಧಾರಿ' ಎಂದರೆ ಜಾಸ್ತಿ ಆಯಿತಾ?