ರಿಕವರಿ ಪಾರ್ಟಿಷನ್ ತೆಗೆದ್ರ 14 ಜಿಬಿ ಸಿ ಡ್ರೈವ್‌ಗೆ ಸೇರ್ತೈತೇನ್ರಿ?

ಭತ್ತದ_ಲೆಕ್ಕ (ಗಂಗಾವತಿ):
ರೈಸ್ ಮಿಲ್ ಲೆಕ್ಕದ ಲ್ಯಾಪ್‌ಟಾಪ್. ವಿಂಡೋಸ್ 11, 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ್ಯಾಮ್. ಸಿ ಡ್ರೈವ್‌ನ್ಯಾಗ 6 ಜಿಬಿ ಅಷ್ಟ ಉಳದೈತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ್ಯಾಗ ಎಡದಿಂದ 260 ಎಂಬಿ ಇಎಫ್‌ಐ (ಬೂಟ್ ಆಗೋ ಭಾಗ), ಆಮ್ಯಾಲೆ ಸಿ, 1 ಜಿಬಿ ರಿಕವರಿ, ಕೊನಿಗೆ 14 ಜಿಬಿ ರಿಕವರಿ. ರೈಟ್ ಕ್ಲಿಕ್ ಮಾಡಿದ್ರ ಡಿಲೀಟ್ ಬರವಲ್ದು. ತೆಗೀಬಹುದೇನ್ರಿ? ವಿಂಡೋಸ್ ಲೈಸೆನ್ಸ್ ಹೋಗ್ತೈತೇನು?

ರಾಯಚೂರು_ರಿಪೇರಿ:
ಲೈಸೆನ್ಸ್ ಹೋಗಂಗಿಲ್ರಿ. ವಿಂಡೋಸ್ ಹಾಕೇ ಬಂದ ಲ್ಯಾಪ್‌ಟಾಪ್‌ನ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಾಗ ಇರ್ತದ.

14 ಜಿಬಿದು ಕಂಪನಿಯ ಫ್ಯಾಕ್ಟರಿ ಇಮೇಜ್, ತೆಗೀಬಹುದು. ಆಮೇಲೆ ಕಂಪನಿಯ ಫ್ಯಾಕ್ಟರಿ ರೀಸೆಟ್ ನಡೆಯಂಗಿಲ್ಲ ಅಷ್ಟ. 1 ಜಿಬಿದು ಮಾತ್ರ ಮುಟ್ಟಬ್ಯಾಡ್ರಿ. ಬೂಟ್ ಆಗದಿದ್ದಾಗ ಬರೋ ನೀಲಿ ರಿಪೇರಿ ಮೆನು ಅದರಾಗೇ ಅದ. ಖಾತ್ರಿಗೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಾಗ 'ರೀಏಜೆಂಟ್‌ಸಿ /ಇನ್ಫೋ' (reagentc /info) ಕೊಡ್ರಿ. ಅದು ತೋರಿಸೋ ಪಾರ್ಟಿಷನ್ ನಂಬರ್ ಉಳೀಬೇಕು.

ಮೊದಲು 32 ಜಿಬಿ ಪೆನ್‌ಡ್ರೈವ್‌ಗೆ 'ರಿಕವರಿ ಡ್ರೈವ್' ಮಾಡ್ಕೊಳ್ರಿ, ಸಿಸ್ಟಮ್ ಫೈಲ್ ಟಿಕ್ ಇರಲಿ. ಪೆನ್‌ಡ್ರೈವ್‌ನಾಗಿನ ಹಳೇದೆಲ್ಲ ಅಳಿಸಿ ಹೋಗ್ತದ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಇದ್ರ ಅದರ ಕೀ ಬ್ಯಾರೆ ಕಡೆ ಬರೆದಿಡ್ರಿ.

ಆಮೇಲೆ ಅದೇ ಕಮಾಂಡ್ ಪ್ರಾಂಪ್ಟ್‌ನಾಗ ಒಂದೊಂದಾಗಿ ಕೊಡ್ರಿ: ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಲಿಸ್ಟ್ ಪಾರ್ಟಿಷನ್. ಇಲ್ಲಿ 16 ಎಂಬಿ 'ರಿಸರ್ವ್ಡ್' ಒಂದು ಹೆಚ್ಚಿಗೆ ಕಾಣ್ತದ, ಗಾಬರಿ ಬ್ಯಾಡ. ಸೈಜ್ 14 ಜಿಬಿ ಇರೋ ನಂಬರ್ ನೋಡಿ 'ಸೆಲೆಕ್ಟ್ ಪಾರ್ಟಿಷನ್ 5' (ನಿಮ್ಮ ನಂಬರ್ ಹಾಕ್ರಿ), ಕೊನಿಗೆ 'ಡಿಲೀಟ್ ಪಾರ್ಟಿಷನ್ ಓವರ್‌ರೈಡ್'. ಓವರ್‌ರೈಡ್ ಬಿಟ್ರ ಅಳಿಸಲಿಕ್ಕೆ ಬಿಡಂಗಿಲ್ಲ. ಅಪ್ಪಿತಪ್ಪಿ 'ಕ್ಲೀನ್' ಹೊಡದ್ರ ಇಡೀ ಡಿಸ್ಕ್ ಖಾಲಿ.

ಸಿರುಗುಪ್ಪ_ಡಿಸ್ಕ್:
ಅಷ್ಟಾದ್ರೂ ಸಿ ದೊಡ್ಡದಾಗಲ್ಲ. ಎಕ್ಸ್‌ಟೆಂಡ್‌ಗೆ (ಡ್ರೈವ್ ದೊಡ್ಡದು ಮಾಡೋಕೆ) ಖಾಲಿ ಜಾಗ ಸಿ ಬಲಕ್ಕೆ ಅಂಟಿಕೊಂಡೇ ಇರಬೇಕು. ನಿಮ್ಮಲ್ಲಿ ನಡುವೆ 1 ಜಿಬಿ ಕೂತೈತೆ, ಎಕ್ಸ್‌ಟೆಂಡ್ ಮಂಕಾಗಿ ಕಾಣುತ್ತೆ. ಅದನ್ನೂ ಅಳಿಸಿ ರಿಪೇರಿ ಪರಿಸರವನ್ನ (ಆ ನೀಲಿ ಮೆನುವನ್ನ) ಸಿ ಒಳಗೇ ಇಡೋಣ ಅಂದ್ರೆ, ಬಿಟ್‌ಲಾಕರ್ ಆನ್ ಇದ್ರೆ ಒಪ್ಪಲ್ಲ. ಸುಮ್ನೆ 14 ಜಿಬಿಯನ್ನ ಡಿ ಡ್ರೈವ್ ಮಾಡಿ, ಟ್ಯಾಲಿ ಡೇಟಾ ಅಲ್ಲಿಗೆ ಒಯ್ದು ಡೇಟಾ ಪಾತ್ ಬದಲಿಸ್ರಿ.

ಭತ್ತದ_ಲೆಕ್ಕ:
ಇನ್ಫೋ 4 ಅಂತ ತೋರಿಸ್ತು, 14 ಜಿಬಿದು 5. ಡಿ ಮಾಡಿ ಟ್ಯಾಲಿ ಬ್ಯಾಕಪ್‌ನೂ ಅಲ್ಲೇ ಇಡ್ತೀನ್ರಿ.

ಸಿರುಗುಪ್ಪ_ಡಿಸ್ಕ್:
ಡೇಟಾ ಇಡ್ರಿ, ಬ್ಯಾಕಪ್ ಬ್ಯಾಡ. ಎಸ್‌ಎಸ್‌ಡಿ ಕೆಟ್ರೆ ಎರಡೂ ಹೋಗ್ತಾವೆ. ಬ್ಯಾಕಪ್ ಪೆನ್‌ಡ್ರೈವ್‌ಗೆ ಹೋಗಲಿ. ಸಿ ಒಳಗೇ ಜಾಗ ಬೇಕಂದ್ರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' (powercfg /h off) ಕೊಡ್ರಿ, ಹೈಬರ್ನೇಟ್ ಫೈಲ್‌ನ (ಆಫ್ ಮಾಡುವಾಗ ರ್ಯಾಮ್‌ನಲ್ಲಿರೋದನ್ನ ಉಳಿಸಿಡೋ ಫೈಲ್) ಸುಮಾರು 3 ಜಿಬಿ ಬಿಡುಗಡೆ ಆಗುತ್ತೆ. ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗೋ ಸೌಲಭ್ಯ) ಹೋಗುತ್ತೆ, ಎಸ್‌ಎಸ್‌ಡಿ ಇದ್ದಾಗ ಅದರ ಫರಕ್ ಅಷ್ಟು ಗೊತ್ತಾಗಲ್ಲ.