ಮ್ಯೂನಿಕ್‌ಗೆ ಹೊರಟಿದ್ದೇನೆ, ಅಲ್ಲಿರುವವರು ಏನಾದ್ರೂ ಹೇಳಿ

ಹಾಸನದ ಹುಡುಗ:
ಮುಂದಿನ ತಿಂಗಳು ಕೆಲಸಕ್ಕೆ ಜರ್ಮನಿಯ ಮ್ಯೂನಿಕ್‌ಗೆ ಹೋಗ್ತಿದ್ದೇನೆ. ಯೂಟ್ಯೂಬಿನಲ್ಲಿ ನೋಡಿದರೆ ಬರೀ ಕೋಟೆ, ಬಿಯರು, ಹಿಮ. ಅಲ್ಲಿ ಸಂಸಾರ ಹೂಡಿದವರಿಗೆ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನಿಸಿದ್ದು ಏನು? ಮೊದಲ ಕೆಲವು ವಾರ ಕಂಪನಿಯ ರೂಮು. ಆಮೇಲೆ ನಾನೇ ಮನೆ ಹುಡುಕಬೇಕು.

ತೀರ್ಥಹಳ್ಳಿಯವಳು:
ಮೊದಲು ಅಂಚೆ ಡಬ್ಬಿಯ ಮೇಲೆ ಹೆಸರು ಅಂಟಿಸಿ. ನಗಬೇಡಿ. ಇಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರೇ ಇರಲ್ಲ, ಬೆಲ್ ಮೇಲೂ ಹೆಸರೇ. ಡಬ್ಬಿಯ ಮೇಲೆ ಹೆಸರಿಲ್ಲ ಅಂದ್ರೆ ಕಾಗದ ವಾಪಸ್. ಬ್ಯಾಂಕಿನ ಪಿನ್, ತೆರಿಗೆ ನಂಬರು, ವಿಮೆ ಕಾರ್ಡು ಎಲ್ಲ ಬರೋದು ಅಂಚೆಯಲ್ಲೇ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇರೋದನ್ನೇ ಅಂಟಿಸಿ. ನನ್ನದರಲ್ಲಿ ಇರೋದು ಅಪ್ಪನ ಹೆಸರು. ಡಾಕ್ಟರ ಹತ್ತಿರ ‘ಫ್ರೌ ಮಂಜಪ್ಪ’ (ಫ್ರೌ ಅಂದ್ರೆ ಶ್ರೀಮತಿ) ಅಂತ ಕೂಗಿದರೆ ನಾನೇ ಎದ್ದು ಹೋಗ್ತೀನಿ. ಅಪ್ಪನಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ.

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಫಾರಂ ಬೇಕು. ಸಹಿ ಹಾಕಲ್ಲ ಅನ್ನೋ ರೂಮು ಎಷ್ಟೇ ಅಗ್ಗವಾದರೂ ಬೇಡ.

ಮನೆ ನೋಡೋಕೆ ಹೋದಾಗ ಅಡುಗೆಮನೆ ಅಂತ ತೋರಿಸ್ತಾರೆ. ಒಳಗೆ ಪೈಪು, ವೈರು ಬಿಟ್ಟರೆ ಏನೂ ಇಲ್ಲದೆ ಇರಬಹುದು. ಹಿಂದಿನವರು ಸಿಂಕ್ ಕೂಡ ಬಿಚ್ಚಿಕೊಂಡು ಹೋಗಿರ್ತಾರೆ! ಇಲ್ಲಾ ಅಂದ್ರೆ ‘ನಮ್ಮ ಅಡುಗೆಮನೆ ನೀವೇ ಕೊಂಡ್ಕೊಳ್ಳಿ’ ಅಂತ ದುಡ್ಡು ಕೇಳ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡೀರಿ. ಜಾಹೀರಾತಿನ ‘ಕಾಲ್ಟ್‌ಮೀಟೆ’ ಬರೀ ಬಾಡಿಗೆ. ಹೀಟಿಂಗು, ನೀರು ಸೇರಿದರೆ ‘ವಾರ್ಮ್‌ಮೀಟೆ’. ಡಿಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆ ದಾಟುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟೋ ಹಕ್ಕು ಬಾಡಿಗೆದಾರರಿಗಿದೆ. ಕೇಳದೆ ಯಾರೂ ಹೇಳಲ್ಲ.

ಇನ್ನು ಕಿಟಕಿ. ಚಳಿ ಅಂತ ಮುಚ್ಚಿಟ್ಟು, ಒಳಗೇ ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತೆ. ಮಲೆನಾಡಿನವಳಿಗೆ ಬೂಷ್ಟು ಹೊಸದಲ್ಲ, ಆದರೆ ಇಲ್ಲಿ ಅದು ಮನೆ ಮಾಲೀಕರ ಜೊತೆ ಜಗಳದ ವಿಷಯ. ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆಗೀರಿ. ಆಗ ಹೀಟರ್ ಆಫ್ ಮಾಡಿ. ಅರೆಬರೆ ತೆರೆದು ದಿನವಿಡೀ ಬಿಡಬೇಡಿ, ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಜಾಸ್ತಿ.

ಇಸಾರ್ ದಂಡೆ:
ಅಕ್ಕ ಭಾನುವಾರದ ವಿಷಯ ಬಿಟ್ಟರು. ಅಂಗಡಿ ಬಂದ್, ಬೇರೆ ದಿನವೂ ಬವೇರಿಯಾದಲ್ಲಿ (ಮ್ಯೂನಿಕ್ ಇರೋ ರಾಜ್ಯ) ರಾತ್ರಿ ಎಂಟಕ್ಕೆ ಮುಗೀತು. ಹಾಲು ಮರೆತರೆ ರೈಲ್ವೆ ಸ್ಟೇಷನ್ನಿಗೇ ಹೋಗಬೇಕು. ಇನ್ನೊಂದು, ಆನ್‌ಮೆಲ್ಡುಂಗ್ ಆದಮೇಲೆ ಟಿವಿ-ರೇಡಿಯೋ ಶುಲ್ಕ ಕೇಳಿ ಪತ್ರ ಬರುತ್ತೆ, ತಿಂಗಳಿಗೆ 18.36 ಯೂರೋ. ಮೋಸದ ಕಾಗದ ಅಂತ ಹರಿದು ಹಾಕಬೇಡಿ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಮನೆಗೆ ಒಂದೇ, ರೂಮ್‌ಮೇಟ್ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ನಂಬರು ಬರೆದು ಕಳಿಸಿ, ಸಾಕು.

ಹಾಸನದ ಹುಡುಗ:
ಅಕ್ಕ, ತುಂಬಾ ಥ್ಯಾಂಕ್ಸ್. ಅಮ್ಮ ಮಿಕ್ಸಿ, ಕುಕ್ಕರ್ ಎರಡನ್ನೂ ಸೂಟ್‌ಕೇಸಿಗೆ ತುರುಕಿದ್ದಾರೆ. ತರಲಾ?

ತೀರ್ಥಹಳ್ಳಿಯವಳು:
ಮಿಕ್ಸಿ ತನ್ನಿ. ವೋಲ್ಟೇಜ್ ಎರಡೂ ಕಡೆ 230. ಪ್ಲಗ್ ಮಾತ್ರ ಬೇರೆ, ಗಟ್ಟಿ ಅಡಾಪ್ಟರ್ ಇರಲಿ. ಕುಕ್ಕರ್ ಅಲ್ಯೂಮಿನಿಯಂದಾದರೆ ಅಮ್ಮನ ಹತ್ತಿರವೇ ಬಿಡಿ, ಇಂಡಕ್ಷನ್ ಒಲೆಗೆ ಆಗಲ್ಲ. ತಳ ಇಂಡಕ್ಷನ್‌ಗೆ ಆಗೋ ಸ್ಟೀಲ್ ಕುಕ್ಕರ್ ಆದರೆ ಸರಿ. ಬೇಳೆ, ಹುಣಸೆಹಣ್ಣು ಹೊತ್ತು ತರಬೇಡಿ, ಮುಖ್ಯ ಸ್ಟೇಷನ್ನಿನ ದಕ್ಷಿಣಕ್ಕೆ ಗೋಯ್ಥೆ ಬೀದಿಯ ಸುತ್ತಮುತ್ತ ಅಂಗಡಿಗಳಿವೆ. ಇಲ್ಲಿ ಭಾನುವಾರ ಅಕ್ಕಪಕ್ಕದವರಿಗೆ ಕೇಳೋ ಹಾಗೆ ಸದ್ದು ಮಾಡಬಾರದು. ಚಟ್ನಿಗೆ ಅರ್ಧ ನಿಮಿಷ ಮಿಕ್ಸಿ ತಿರುಗಿಸಿದರೆ ಯಾರೂ ಏನೂ ಅನ್ನಲ್ಲ. ಹಿಟ್ಟು ರುಬ್ಬೋದು ಮಾತ್ರ ಶನಿವಾರ ಸಂಜೆಯೇ ಮುಗಿಸಿ.