ಮುಗಾದಲ್ಲಿ 62, ಎಕೋದಲ್ಲಿ 54: ಅಮ್ಮನ ಹಾರ್ಟ್ ಪಂಪಿಂಗ್ ಕಡಿಮೆಯಾಯಿತಾ?

ಕೇಳಿದವರು: ಅಮ್ಮನಿಗೆ ಎಡ ಸ್ತನದ ಕ್ಯಾನ್ಸರ್ ಆಪರೇಷನ್ ಆಗಿದೆ, ಈಗ ಟ್ರಾಸ್ಟುಝುಮಾಬ್ ಎಂಬ ಕ್ಯಾನ್ಸರ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಅದರಿಂದ ಹೃದಯ ದುರ್ಬಲವಾಗಬಹುದು ಎಂದು ಆಗಾಗ ಪರೀಕ್ಷೆ ಮಾಡಿಸುತ್ತಾರೆ. ಶುರುವಿಗೆ ಮುಗಾ ಎಂಬ ಹೃದಯದ ಸ್ಕ್ಯಾನ್‌ನಲ್ಲಿ ಇಎಫ್ (ಹಾರ್ಟ್ ಪಂಪಿಂಗ್ ಪ್ರಮಾಣ) 62 ಇತ್ತು. ಈ ಸಲ ಊರಿನ ಹತ್ತಿರವೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದೆವು, 54 ಬಂತು. ಸುಸ್ತು, ಏದುಸಿರು ಏನೂ ಇಲ್ಲ. ಎಂಆರ್‌ಐ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ.

ಎಕೋ ಟೆಕ್ನಿಷಿಯನ್: ಮೇಡಂ, 62ರಲ್ಲಿ 54 ಕಳೆದು ಗಾಬರಿಯಾಗಬೇಡಿ. ಎರಡೂ ಬೇರೆ ಬೇರೆ ಅಳತೆ. ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಪಾಲು ಹೊರಗೆ ಹೋಗುತ್ತದೋ ಅದು ಇಎಫ್. 120 ಮಿ.ಲೀ. ತುಂಬಿ 50 ಒಳಗೇ ಉಳಿದರೆ ಇಎಫ್ ಸುಮಾರು 58. ಎಕೋದಲ್ಲಿ ಹೆಂಗಸರಿಗೆ 54ರಿಂದ 74 ನಾರ್ಮಲ್. ಅಮ್ಮನದು ಗಡಿಯಲ್ಲಿದೆ, ಅಷ್ಟೇ.

ನಾವು ಹೃದಯದ ತುದಿ ಬಡಿಯುವ ಜಾಗದಲ್ಲಿ ಪ್ರೋಬ್ ಇಟ್ಟು ಎರಡು ಕೋನದಿಂದ ಚಿತ್ರ ಹಿಡಿಯುತ್ತೇವೆ. ಹೃದಯ ತುಂಬಿದಾಗ ಒಮ್ಮೆ, ಹಿಂಡಿದಾಗ ಒಮ್ಮೆ, ಒಳಗೋಡೆಯ ಅಂಚಿನುದ್ದಕ್ಕೂ ಗೆರೆ ಎಳೆಯುತ್ತೇವೆ. ಇದು ಸಿಂಪ್ಸನ್ ವಿಧಾನ. ಪ್ರೋಬ್ ಸ್ವಲ್ಪ ಮೇಲೆ ಜಾರಿದರೂ ಹೃದಯ ಗಿಡ್ಡವಾಗಿ ಕಾಣುತ್ತದೆ. ಎಡಗಡೆ ಆಪರೇಷನ್ ಆದವರಿಗೆ ಅಲ್ಲಿ ಒತ್ತಿದರೆ ನೋವು ಬೇರೆ. ಅಂಚು ಮಸುಕಾದರೆ ಗೆರೆ ಅಂದಾಜಿನ ಮೇಲೆ ಹೋಗುತ್ತದೆ. ಒಂದೇ ಹೃದಯವನ್ನು ಇಬ್ಬರು ಅಳೆದರೆ 5ರಿಂದ 10 ಪಾಯಿಂಟ್ ಆಚೀಚೆ ಬರುವುದುಂಟು. ರಿಪೋರ್ಟಿನಲ್ಲಿ ‘ಬೈಪ್ಲೇನ್ ಸಿಂಪ್ಸನ್’ ಅಂತಿದೆಯಾ, ‘ವಿಷುಯಲ್’ ಅಂತಿದೆಯಾ ನೋಡಿ. ವಿಷುಯಲ್ ಅಂದರೆ ಕಣ್ಣಳತೆ. ಸಾಧ್ಯವಾದರೆ ಎಕೋದಲ್ಲೇ ಸ್ಟ್ರೇನ್ (ಹೃದಯದ ಸ್ನಾಯು ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಕೂಡ ಮಾಡಿಸಿ. ಇಎಫ್ ಇಳಿಯುವ ಮೊದಲೇ ಸ್ನಾಯುವಿನ ದಣಿವು ಅದರಲ್ಲಿ ಸಿಗುತ್ತದೆ.

ಅಕ್ಕನಿಗೆ ಇದೇ ಚಿಕಿತ್ಸೆ ಕೊಡಿಸಿದವರು: ನಾವು ಕೊನೆವರೆಗೂ ಮುಗಾದಲ್ಲೇ ಇದ್ದೆವು. ಕೆಂಪು ರಕ್ತಕಣಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಅಂಟಿಸಿ, ಇಸಿಜಿ ಹಚ್ಚಿ, ಗಾಮಾ ಕ್ಯಾಮೆರಾ ಕೆಳಗೆ ಅಲ್ಲಾಡದೆ ಮಲಗಬೇಕು. ಅದರಿಂದ ಹೊಮ್ಮುವ ಕಿರಣಗಳನ್ನು ಕ್ಯಾಮೆರಾನೇ ಎಣಿಸುತ್ತದೆ, ಹಾಗಾಗಿ ಅಂಕಿ ಸಲದಿಂದ ಸಲಕ್ಕೆ ಜಾಸ್ತಿ ಓಡಾಡುವುದಿಲ್ಲ. ಆದರೆ ಪ್ರತಿ ಸಲ ಒಂದಿಷ್ಟು ರೇಡಿಯೇಷನ್ ಬೀಳುತ್ತದೆ, ವಾಲ್ವ್ ಕಾಣಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ನೋಡಬೇಕಲ್ವಾ, ಅದಕ್ಕೇ ಈಗ ಎಷ್ಟೋ ಡಾಕ್ಟರರು ಎಕೋನೇ ಬರೆಯುತ್ತಾರೆ. ಯಾವುದಾದರೂ ಸರಿ, ಒಂದೇ ಕಡೆ ಒಂದೇ ವಿಧಾನದಲ್ಲಿ ಮಾಡಿಸಿ, ಹಳೇ ಸಿ.ಡಿ. ಜೊತೆಗೆ ಒಯ್ಯಿರಿ.

ಇನ್ನೊಬ್ಬರು: ಎಂಆರ್‌ಐ ಎಲ್ಲಕ್ಕಿಂತ ನಿಖರ ನಿಜ. ಹೃದಯವನ್ನು ಪದರ ಪದರವಾಗಿ ಅಳೆಯುತ್ತದೆ, ಗಾಯದ ಕಲೆಯೂ ಕಾಣುತ್ತದೆ. ಅಪ್ಪ ಮುಕ್ಕಾಲು ಗಂಟೆ ಆ ಸದ್ದಿನೊಳಗೆ ಮತ್ತೆ ಮತ್ತೆ ಉಸಿರು ಕಟ್ಟಿ ಸುಸ್ತಾದರು. ನಿಮ್ಮಮ್ಮನಿಗೆ ಸ್ತನ ಮರುಜೋಡಣೆಗೆಂದು ಎಕ್ಸ್‌ಪಾಂಡರ್ (ಚರ್ಮ ಹಿಗ್ಗಿಸುವ ಚೀಲ) ಇಟ್ಟಿದ್ದರೆ ಮೊದಲೇ ಹೇಳಿ. ಕೆಲವದರಲ್ಲಿ ಮ್ಯಾಗ್ನೆಟ್ ಇರುತ್ತದೆ, ಎಂಆರ್‌ಐಗೆ ಆಗುವುದಿಲ್ಲ.

ಎಕೋ ಟೆಕ್ನಿಷಿಯನ್: ಸರಿಯಾಗಿ ಹೇಳಿದರು. ಎಕೋ ಚಿತ್ರವೇ ಸರಿಯಿಲ್ಲದಿದ್ದರೆ ಮಾತ್ರ ಎಂಆರ್‌ಐ ಕೇಳಿ. ಸಾಮಾನ್ಯವಾಗಿ ಇಎಫ್ 10 ಪಾಯಿಂಟ್ ಇಳಿದು 50ಕ್ಕಿಂತ ಕೆಳಗೆ ಹೋದರೆ ಡಾಕ್ಟರರು ಔಷಧಿಯ ಬಗ್ಗೆ ಯೋಚಿಸುತ್ತಾರೆ. ಈ ಅಂಕಿ ನೋಡಿ ನೀವಾಗಿ ಇಂಜೆಕ್ಷನ್ ತಪ್ಪಿಸಬೇಡಿ. ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಮುಂದಿನ ಎಕೋವರೆಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.